ಗಾಡಿ ಹೊರಡುವ ಮುಂಚಿನ ಇಪ್ಪತ್ತು ನಿಮಿಷ: ಲಾರಿ ಮಾಲೀಕರಿಗೆ, ಸರಕು ಕಳಿಸುವವರಿಗೆ, ಲೈಸೆನ್ಸ್ ಕೊಡುವವರಿಗೆ ಒಂದು ಬಹಿರಂಗ ಪತ್ರ

ಲಾರಿ ಮಾಲೀಕರೇ, ಟ್ರಿಪ್ ಹಂಚುವ ಮ್ಯಾನೇಜರ್‌ಗಳೇ, ಸರಕು ಕಳಿಸುವ ಕಂಪನಿಯವರೇ, ಹೆವಿ ಲೈಸೆನ್ಸ್ ಪರೀಕ್ಷೆ ಮಾಡುವ ಅಧಿಕಾರಿಗಳೇ, ಎಲ್ಲರಿಗೂ ನಮಸ್ಕಾರ.

ಲೋಡ್ ಲಾರಿಯೊಂದು ಇಳಿಜಾರಿನಲ್ಲಿ ನಿಲ್ಲದೆ ಹೋಗಿ ಎದುರಿಗೆ ಸಿಕ್ಕಿದ್ದನ್ನೆಲ್ಲ ಗುದ್ದಿದಾಗ ಸುದ್ದಿಯಲ್ಲಿ ಬರುವುದು ಎರಡೇ ಮಾತು. ಒಂದು, ಬ್ರೇಕ್ ಫೇಲ್. ಇನ್ನೊಂದು, ಚಾಲಕನ ನಿರ್ಲಕ್ಷ್ಯ. ಅಲ್ಲಿಗೆ ಮಾತು ಮುಗಿಯಿತು. ಆ ಬ್ರೇಕ್ ಯಾವಾಗಿನಿಂದ ಕೆಡುತ್ತಾ ಬಂದಿತ್ತು, ಅದನ್ನು ನೋಡಬೇಕಾದವರು ಯಾರು, ನೋಡೋಕೆ ಅವರಿಗೆ ಸಮಯ ಸಿಕ್ಕಿತ್ತಾ, ಹೇಗೆ ನೋಡಬೇಕು ಅಂತ ಯಾರಾದರೂ ಕಲಿಸಿದ್ದರಾ, ಕೆಟ್ಟಿದೆ ಅಂತ ಹೇಳಿದ್ದರೆ ಯಾರಾದರೂ ಕಿವಿಗೆ ಹಾಕಿಕೊಳ್ಳುತ್ತಿದ್ದರಾ ಅಂತ ಯಾರೂ ಕೇಳುವುದಿಲ್ಲ. ಹೊಸ ಡ್ರೈವರ್‌ಗಳಿಗೆ ಭಾರಿ ವಾಹನ ಓಡಿಸುವುದನ್ನು ಕಲಿಸುವುದು ನನ್ನ ಕೆಲಸ. ಈ ಪ್ರಶ್ನೆಗಳನ್ನು ನಿಮಗೇ ನೇರವಾಗಿ ಕೇಳೋಣ ಅಂತ ಈ ಪತ್ರ.

ನಾನು ಕೇಳುತ್ತಿರುವುದು ಇಷ್ಟು. ಗಾಡಿ ಹೊರಡುವ ಮುಂಚೆ ಅದನ್ನು ಸುತ್ತಿ ನೋಡೋಕೆ ಡ್ರೈವರ್‌ಗೆ ಇಪ್ಪತ್ತು ನಿಮಿಷ ಕೊಡಿ. ಆ ಇಪ್ಪತ್ತು ನಿಮಿಷಕ್ಕೂ ಸಂಬಳ ಲೆಕ್ಕ ಹಾಕಿ. ನೋಡಿದ ಮೇಲೆ ಆತ 'ಈ ಗಾಡಿ ರಸ್ತೆಗೆ ಹೋಗಲ್ಲ' ಅಂದರೆ ಆ ಮಾತಿಗೆ ಬೆಲೆ ಕೊಡಿ. ಮೂರನೆಯದು ಇಲ್ಲದಿದ್ದರೆ ಮೊದಲ ಎರಡೂ ವ್ಯರ್ಥ.

ಒಂದು ಹಳೆಯ ಅಪಘಾತ ನೆನಪಿಸುತ್ತೇನೆ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗ್ಲೆನ್ ರಾಕ್ ಅನ್ನೋ ಊರಲ್ಲಿ ಒಂದು ಡಂಪ್ ಟ್ರಕ್ ಕಡಿದಾದ ಇಳಿಜಾರಿನಲ್ಲಿ ನಿಲ್ಲಲಿಲ್ಲ. ಮುಂದಿದ್ದ ಕಾರುಗಳಿಗೆ ಗುದ್ದಿತು, ನಡೆದು ಹೋಗುತ್ತಿದ್ದ ಮಕ್ಕಳಿಗೂ ಗುದ್ದಿತು. ಕಾರಿನಲ್ಲಿದ್ದ ಇಬ್ಬರು ತೀರಿಕೊಂಡರು, ಅವರಲ್ಲಿ ಒಂದು ಹನ್ನೊಂದು ವರ್ಷದ ಮಗು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಕಾರಣ ಬರೆಯಿತು. ಅದರಲ್ಲಿ ಮೊದಲು ಬಂದದ್ದು ಚಾಲಕನ ಹೆಸರಲ್ಲ. ಗಾಡಿಯ ಮಾಲೀಕ ಸಂಸ್ಥೆ ಸರಿಯಾಗಿ ಮೇಲ್ವಿಚಾರಣೆ ಮಾಡಲಿಲ್ಲ, ಹಾಗಾಗಿ ತರಬೇತಿ ಇಲ್ಲದ ಚಾಲಕ, ಜಾಸ್ತಿ ಲೋಡ್ ತುಂಬಿದ, ಬ್ರೇಕ್ ಸರಿಯಾಗಿ ನೋಡಿಕೊಳ್ಳದ, ಏರ್ ಬ್ರೇಕ್ ಇರುವ ಗಾಡಿಯನ್ನು ತಪ್ಪಾಗಿ ಓಡಿಸುವಂತಾಯಿತು ಅಂತ ಮಂಡಳಿ ಹೇಳಿತು. ಜೊತೆಗೆ, ಬ್ರೇಕಿನ ಒಳಗಿನ ದೋಷ ಏನು ಅಂತ ಮೆಕ್ಯಾನಿಕ್‌ಗಳಿಗೂ ಗೊತ್ತಾಗಿರಲಿಲ್ಲ. ಒಂದೇ ಅಪಘಾತದಲ್ಲಿ ಮಾಲೀಕ, ಲೋಡು, ತರಬೇತಿ, ಗ್ಯಾರೇಜು, ಎಲ್ಲವೂ ಇದ್ದವು. ಸ್ಟೀರಿಂಗ್ ಹಿಡಿದಿದ್ದು ಮಾತ್ರ ಒಬ್ಬನೇ.

ಅಲ್ಲಿ ಮೆಕ್ಯಾನಿಕ್‌ಗಳಿಗೆ ಗೊತ್ತಾಗದೆ ಹೋಗಿದ್ದು ಏನು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಇವತ್ತಿಗೂ ಎಷ್ಟೋ ಯಾರ್ಡ್‌ಗಳಲ್ಲಿ ಅದೇ ನಡೆಯುತ್ತಿದೆ. ಡ್ರಮ್ ಇರುವ ಏರ್ ಬ್ರೇಕಿನಲ್ಲಿ ಪೆಡಲ್ ಒತ್ತಿದಾಗ ಗಾಳಿ ಹೋಗಿ ಚೇಂಬರ್ ಒಳಗಿನ ಒಂದು ರಾಡನ್ನು ಹೊರಗೆ ತಳ್ಳುತ್ತದೆ. ಆ ರಾಡು ಸ್ಲ್ಯಾಕ್ ಅಡ್ಜಸ್ಟರ್ ಅನ್ನೋ ತೋಳನ್ನು ತಳ್ಳುತ್ತದೆ, ಅದು ಕ್ಯಾಮ್ ತಿರುಗಿಸುತ್ತದೆ, ಕ್ಯಾಮ್, ಬ್ರೇಕಿನ ಉಜ್ಜುವ ಪದರಗಳಾದ ಲೈನರ್‌ಗಳನ್ನು ಅಗಲ ಮಾಡಿ ಡ್ರಮ್ಮಿಗೆ ಒತ್ತುತ್ತದೆ. ರಾಡು ಎಷ್ಟು ಬೇಕಾದರೂ ಹೊರಗೆ ಬರಲ್ಲ, ಅದಕ್ಕೊಂದು ಮಿತಿ ಇದೆ. ಲೈನರ್ ಸವೆದಷ್ಟೂ ರಾಡು ಜಾಸ್ತಿ ದೂರ ಹೋಗಬೇಕಾಗುತ್ತದೆ. ಈಗಿನ ಗಾಡಿಗಳಲ್ಲಿ ಆಟೋಮ್ಯಾಟಿಕ್ ಅಡ್ಜಸ್ಟರ್ ಇರುತ್ತದೆ, ಸವೆತವನ್ನು ತಾನಾಗೇ ಸರಿಹೊಂದಿಸಿಕೊಳ್ಳಬೇಕು. ಅದು ಹೊಂದಿಸಿಕೊಳ್ಳುತ್ತಿಲ್ಲ ಅಂದರೆ ಒಳಗೆ ಬೇರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಆದರೆ ನಾವು ಮಾಡುವುದು ಏನು? ಸ್ಪ್ಯಾನರ್ ಹಾಕಿ ಕೈಯಲ್ಲೇ ಬಿಗಿ ಮಾಡಿ ಕಳಿಸುತ್ತೇವೆ. ಎರಡು ದಿನ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಮತ್ತೆ ಸಡಿಲ. ಮತ್ತೆ ಬಿಗಿ. ಒಳಗಿನ ದೋಷ ಹಾಗೇ ಉಳಿಯುತ್ತದೆ, ಸರಿಹೋಯಿತು ಅನ್ನೋ ಸುಳ್ಳು ಧೈರ್ಯ ಬೇರೆ.

ಇದರಲ್ಲಿ ಇನ್ನೊಂದು ಅಪಾಯ ಅಡಗಿದೆ. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಿದರೆ ಲೈನರ್ ಇನ್ನೂ ದೂರ ಹೋಗಿ ಮುಟ್ಟಬೇಕು, ರಾಡು ಇನ್ನೂ ಮುಂದೆ ಬರಬೇಕು. ಹೊಂದಾಣಿಕೆ ತಪ್ಪಿರುವ ಬ್ರೇಕು ಯಾರ್ಡಿನಲ್ಲಿ, ತಣ್ಣಗಿರುವಾಗ, ಸಮತಟ್ಟು ನೆಲದಲ್ಲಿ, ನಿಧಾನಕ್ಕೆ ಓಡಿಸಿ ಒತ್ತಿ ನೋಡಿದರೆ ಗಾಡಿಯನ್ನು ನಿಲ್ಲಿಸುತ್ತದೆ. ಅದೇ ಬ್ರೇಕು ಇಳಿಜಾರಿನ ಅರ್ಧದಲ್ಲಿ ಕಾದು ಕೆಂಪಾದಾಗ, ರಾಡು ಅದರ ಕೊನೆಯವರೆಗೂ ಬಂದರೂ ಲೈನರ್ ಡ್ರಮ್ಮನ್ನು ಗಟ್ಟಿಯಾಗಿ ಒತ್ತಲ್ಲ. 'ಹೊರಡುವಾಗ ಬ್ರೇಕ್ ಚೆನ್ನಾಗೇ ಇತ್ತು' ಅಂತ ಬದುಕಿ ಉಳಿದ ಡ್ರೈವರ್ ಹೇಳುವುದು ನಿಜವೇ. ತಣ್ಣಗಿದ್ದಾಗ ಚೆನ್ನಾಗಿತ್ತು. ಅದಕ್ಕೇ ಹೇಳೋದು, ಪೆಡಲ್ ಒತ್ತಿ ನೋಡಿದರೆ ಸಾಲದು. ಗಾಲಿಗೆ ಅಡೆ ಕೊಟ್ಟು, ಗಾಡಿಯ ಕೆಳಗೆ ಹೋಗಿ, ರಾಡು ಎಷ್ಟು ದೂರ ಬರುತ್ತಿದೆ ಅಂತ ಪ್ರತಿ ಗಾಲಿಯಲ್ಲೂ ಅಳೆಯಬೇಕು. ಅದಕ್ಕೆ ಸಮಯ ಬೇಕು, ಬೆಳಕು ಬೇಕು, ಗಟ್ಟಿ ನೆಲ ಬೇಕು. ಇವು ಮೂರನ್ನೂ ಕೊಡಬೇಕಾದವರು ಮಾಲೀಕರು.

ಗಾಳಿಯ ಒತ್ತಡದ ಪರೀಕ್ಷೆಗೆ ಗಾಡಿ ಕೆಳಗೆ ಹೋಗುವುದೂ ಬೇಡ. ಸೀಟಿನಲ್ಲಿ ಕೂತೇ ಮಾಡಬಹುದು. ಅಮೆರಿಕದ ಲೈಸೆನ್ಸ್ ಪರೀಕ್ಷೆಯಲ್ಲಿ ಇದನ್ನು ಡ್ರೈವರ್ ಮಾಡಿ ತೋರಿಸಲೇಬೇಕು, ತೋರಿಸದಿದ್ದರೆ ಅಲ್ಲೇ ಫೇಲ್. ಗಾಳಿಯ ಟ್ಯಾಂಕ್ ಪೂರ್ತಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ಪೆಡಲನ್ನು ಪೂರ್ತಿ ಒತ್ತಿ ಒಂದು ನಿಮಿಷ ಹಿಡಿಯಬೇಕು. ಒಂಟಿ ಗಾಡಿಯಲ್ಲಿ ಆ ನಿಮಿಷದಲ್ಲಿ ಗಾಳಿಯ ಒತ್ತಡ 3 ಪಿಎಸ್‌ಐಗಿಂತ ಜಾಸ್ತಿ, ಟ್ರೇಲರ್ ಜೋಡಿಸಿದ ಗಾಡಿಯಲ್ಲಿ 4 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಎಲ್ಲೋ ಲೀಕ್ ಇದೆ. ಆಮೇಲೆ ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಟ್ಟು ಗಾಳಿ ಖಾಲಿ ಮಾಡುತ್ತಾ ಹೋಗಬೇಕು. ಸುಮಾರು 55 ಪಿಎಸ್‌ಐಗೆ ಇಳಿಯುವ ಮುಂಚೆ ಎಚ್ಚರಿಕೆ ದೀಪವೋ ಬಜರೋ ಬರಬೇಕು. ಇನ್ನೂ ಇಳಿಸಿದರೆ, 45ರಿಂದ 20ರ ಮಧ್ಯೆ ಎಲ್ಲೋ ಪಾರ್ಕಿಂಗ್ ಬ್ರೇಕಿನ ಗುಂಡಿ ತಾನಾಗೇ ಹೊರಗೆ ಬಂದು ಗಾಳಿ ಇಲ್ಲದಾಗ ಸ್ಪ್ರಿಂಗ್ ಬಲದಿಂದಲೇ ಹಿಡಿಯುವ ಸ್ಪ್ರಿಂಗ್ ಬ್ರೇಕ್ ಬೀಳಬೇಕು. ಇಷ್ಟಕ್ಕೆ ಐದು ನಿಮಿಷ ಸಾಕು. ಬಜರ್ ಸದ್ದು ಕಿರಿಕಿರಿ ಅಂತ ವೈರ್ ಕಿತ್ತು ಹಾಕಿರುವ ಗಾಡಿಗಳೂ ರಸ್ತೆಯಲ್ಲಿ ಓಡುತ್ತಿವೆ. ಆ ವೈರ್ ಕಿತ್ತವರು ಯಾರೇ ಆಗಿರಲಿ, ಗಾಡಿಯ ಕೊನೆಯ ಎಚ್ಚರಿಕೆಯನ್ನು ಕಿತ್ತಿದ್ದಾರೆ.

ಟೈರಿನ ವಿಷಯಕ್ಕೆ ಬರೋಣ. ರಾಡಿನಿಂದ ಟೈರಿಗೆ ಬಡಿದು ಸದ್ದು ಕೇಳಿ 'ಗಾಳಿ ಸರಿ ಇದೆ' ಅನ್ನುವುದು ತುಂಬಾ ಹಳೆಯ ಅಭ್ಯಾಸ. ಪೂರ್ತಿ ಇಳಿದಿರುವ ಟೈರು ಆ ಸದ್ದಿನಲ್ಲಿ ಗೊತ್ತಾಗಬಹುದು, ಕಾಲುಭಾಗ ಕಡಿಮೆ ಇರುವುದು ಗೊತ್ತಾಗಲ್ಲ. ಗೇಜು ಹಾಕಲೇಬೇಕು, ಅದೂ ಟೈರ್ ತಣ್ಣಗಿರುವಾಗ. ಜೋಡಿ ಗಾಲಿಗಳಲ್ಲಿ ಒಳಗಿನದನ್ನು ನೋಡುವವರೇ ಕಡಿಮೆ, ಬಗ್ಗಿ ಕೈ ಹಾಕಬೇಕಲ್ಲ. ಆದರೆ ಒಳಗಿನದರಲ್ಲಿ ಗಾಳಿ ಕಡಿಮೆ ಇದ್ದರೆ ಅದರ ಭಾರವನ್ನೂ ಹೊರಗಿನದೇ ಹೊರುತ್ತದೆ, ಒಳಗಿನದು ಬಳುಕಿ ಬಳುಕಿ ಕಾಯುತ್ತದೆ, ಎರಡೂ ಹಾಳು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿದೆ ಅಂತ ಗಾಳಿ ಬಿಡುವುದು ಇನ್ನೂ ದೊಡ್ಡ ತಪ್ಪು. ತಣ್ಣಗಾದ ಮೇಲೆ ಅದು ಇರಬೇಕಾದ್ದಕ್ಕಿಂತ ಕೆಳಗೆ ಇಳಿದಿರುತ್ತದೆ, ಮತ್ತೆ ಓಡಿಸಿದಾಗ ಮೊದಲಿಗಿಂತ ಜಾಸ್ತಿ ಕಾಯುತ್ತದೆ. ಟೈರಿನ ಪಟ್ಟಿಯ (ರಸ್ತೆ ಮುಟ್ಟುವ ಭಾಗದಲ್ಲಿರುವ ಗೆರೆಗಳ) ಆಳಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಬ್ರಿಟನ್ನಿನಲ್ಲಿ ಲಾರಿ ಟೈರಿಗೆ ಕನಿಷ್ಠ 1 ಮಿಲಿಮೀಟರ್. ಅಮೆರಿಕದಲ್ಲಿ ಮುಂದಿನ ಟೈರಿಗೆ ಸುಮಾರು 3.2, ಉಳಿದವಕ್ಕೆ 1.6. ಮುಂದಿನದಕ್ಕೆ ಎರಡರಷ್ಟು ಕೇಳುವುದು ಸುಮ್ನೆ ಅಲ್ಲ. ಹಿಂದಿನ ಜೋಡಿಯಲ್ಲಿ ಒಂದು ಸಿಡಿದರೆ ಇನ್ನೊಂದು ಹೊರುತ್ತದೆ, ಮುಂದೆ ಸಿಡಿದರೆ ಸ್ಟೀರಿಂಗೇ ಕೈತಪ್ಪುತ್ತದೆ. ಸವೆದ ಟೈರುಗಳನ್ನು ಮುಂದಕ್ಕೆ ಹಾಕಿ ಇನ್ನೊಂದಷ್ಟು ದಿನ ಓಡಿಸಿ ಅನ್ನುವ ಮಾಲೀಕರು ದಯವಿಟ್ಟು ಇದನ್ನು ಇನ್ನೊಂದು ಸಲ ಓದಿ.

ಮುಂದಿನ ಟೈರು ಸಿಡಿದಾಗ ಏನು ಮಾಡಬೇಕು ಅನ್ನೋದನ್ನೂ ಯಾರೂ ಮುಂಚೆ ಹೇಳಿರುವುದಿಲ್ಲ. ಕಾಲು ತಾನಾಗೇ ಬ್ರೇಕಿಗೆ ಹೋಗುತ್ತದೆ. ಹೋಗಬಾರದು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಗಾಡಿಯನ್ನು ನೇರ ಇಟ್ಟು, ವೇಗ ತಾನಾಗೇ ಇಳಿಯೋಕೆ ಬಿಟ್ಟು, ನಿಧಾನವಾದ ಮೇಲೆ ಮೆಲ್ಲಗೆ ಬ್ರೇಕ್ ಹಾಕಿ ಪಕ್ಕಕ್ಕೆ ತರಬೇಕು. ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿ ತಲೆಯಲ್ಲಿ ಕೂರಿಸದಿದ್ದರೆ ಆ ಒಂದು ಕ್ಷಣದಲ್ಲಿ ಇದು ಯಾರಿಗೂ ಹೊಳೆಯಲ್ಲ.

ಗಾಲಿಯ ನಟ್ಟುಗಳು ತಾವು ಸಡಿಲವಾದದ್ದನ್ನು ತಾವೇ ಹೇಳುತ್ತವೆ. ನಟ್ಟಿನ ಸುತ್ತ ತುಕ್ಕಿನ ಗೆರೆ ಹರಿದಿದ್ದರೆ, ಅಥವಾ ಅದರ ಪಕ್ಕದಲ್ಲಿ ಉಜ್ಜಿದಂತೆ ಹೊಳೆಯುತ್ತಿದ್ದರೆ, ಅಲ್ಲಿ ಏನೋ ಅಲುಗಾಡುತ್ತಿದೆ. ಗಾಲಿ ಬಿಚ್ಚಿ ಹಾಕಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. 40ರಿಂದ 80 ಕಿಲೋಮೀಟರ್ ಓಡಿದ ಮೇಲೆ ನೋಡಿ ಅನ್ನುತ್ತದೆ ಬ್ರಿಟನ್ನಿನ ಮಾರ್ಗದರ್ಶನ. ಟೈರ್ ಅಂಗಡಿಯವರು ಹಾಕಿ ಕೊಟ್ಟರು, ಮುಗಿಯಿತು ಅಂತ ಹೊರಟುಬಿಟ್ಟರೆ ಆ ಗಾಲಿ ಕಳಚಿಕೊಂಡು ಹೋಗುವುದು ಬಹಳಷ್ಟು ಸಲ ಬೇರೆ ಯಾರದೋ ಮೇಲೆ. ಗಾಲಿಯ ನಡುವಿನ ಹಬ್ ಭಾಗದಿಂದ ಎಣ್ಣೆ ಸೋರುತ್ತಿದ್ದರೂ ಅಷ್ಟೇ. ಅದು ಬೇರಿಂಗಿಗೂ ಕೆಟ್ಟದ್ದು, ಲೈನರ್ ಮೇಲೆ ಹರಿದರೆ ಬ್ರೇಕಿಗೂ ಕೆಟ್ಟದ್ದು.

ಸ್ಟೀರಿಂಗ್ ಆಟ, ದೀಪ, ವೈಪರ್, ಕನ್ನಡಿ, ಮುರಿದ ಪಾಟ (ಸ್ಪ್ರಿಂಗ್ ಪಟ್ಟಿ), ಹಾರ್ನ್, ಅಗ್ನಿಶಾಮಕ, ತ್ರಿಕೋನ ಫಲಕ, ಇವೆಲ್ಲ ನಿಮಗೆ ಗೊತ್ತಿರುವುದೇ. ಉದ್ದ ಮಾಡಲ್ಲ.

ಸರಕು ಕಳಿಸುವವರ ಜೊತೆ ಸ್ವಲ್ಪ ಮಾತಾಡಬೇಕು. ನೀವು ಲೋಡ್ ತುಂಬಿಸಿ, ಬಾಗಿಲು ಸೀಲ್ ಮಾಡಿ, ಕಾಗದ ಕೈಗೆ ಕೊಡುತ್ತೀರಿ. ಒಳಗೆ ಭಾರ ಹೇಗೆ ಹಂಚಿದೆ, ಕಟ್ಟಿದ್ದೀರಾ ಇಲ್ಲವಾ ಅಂತ ಡ್ರೈವರ್‌ಗೆ ಗೊತ್ತಾಗುವುದು ಮೊದಲ ತಿರುವಿನಲ್ಲಿ. ಯುರೋಪಿನಲ್ಲಿ ಸರಕು ಕಟ್ಟುವುದಕ್ಕೆ ಇರುವ ಮಾನದಂಡ ಒಂದು ಲೆಕ್ಕ ಹೇಳುತ್ತದೆ. ಮುಂದಕ್ಕೆ ಜಾರದಂತೆ ಹಿಡಿಯೋಕೆ ಸರಕಿನ ತೂಕದ 80% ಬಲ ತಡೆಯುವಷ್ಟು ಗಟ್ಟಿ ಇರಬೇಕು, ಪಕ್ಕಕ್ಕೂ ಹಿಂದಕ್ಕೂ 50%. ಅಂದರೆ ಹತ್ತು ಟನ್ ಸರಕು ಜೋರು ಬ್ರೇಕಿಗೆ ಎಂಟು ಟನ್ ಬಲದಿಂದ ಕ್ಯಾಬಿನ್ ಕಡೆಗೆ ನುಗ್ಗಬಹುದು ಅಂತ ಇಟ್ಟುಕೊಂಡೇ ಕಟ್ಟಬೇಕು. ಒಂದು ಹಗ್ಗ, ಮೇಲೊಂದು ಟಾರ್ಪಾಲು ಈ ಲೆಕ್ಕಕ್ಕೆ ಎಲ್ಲಿ ಸಾಕಾಗುತ್ತದೆ? ಎತ್ತರಕ್ಕೆ ತುಂಬಿದರೆ ಭಾರದ ಕೇಂದ್ರ ಮೇಲೇರುತ್ತದೆ, ಕಾರಿಗೆ ಸಲೀಸಾದ ವೇಗದಲ್ಲೇ ಲಾರಿ ತಿರುವಿನಲ್ಲಿ ಮಗುಚುತ್ತದೆ. ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಕಷ್ಟ, ಒಳಗಿನ ದ್ರವ ಹಿಂದೆ ಮುಂದೆ ಬಡಿದು ನಿಂತ ಗಾಡಿಯನ್ನೂ ಮುಂದಕ್ಕೆ ತಳ್ಳುತ್ತದೆ. ಕಟ್ಟಿದ್ದು ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ ಕೂಡ. ಅದಕ್ಕೇ ಅಮೆರಿಕದ ನಿಯಮ ಮೊದಲ 80 ಕಿಲೋಮೀಟರ್ ಒಳಗೆ ಒಮ್ಮೆ ನಿಲ್ಲಿಸಿ ನೋಡಿ, ಆಮೇಲೆ ಮೂರು ಗಂಟೆಗೆ ಅಥವಾ ಸುಮಾರು 240 ಕಿಲೋಮೀಟರಿಗೆ ಒಮ್ಮೆ ನೋಡಿ ಅನ್ನುತ್ತದೆ. ನೀವು ಕೊಡುವ ತಲುಪುವ ಸಮಯದಲ್ಲಿ ಈ ನಿಲುಗಡೆಗಳಿಗೆ ಜಾಗ ಇದೆಯಾ? ಒಮ್ಮೆ ಲೆಕ್ಕ ಹಾಕಿ ನೋಡಿ.

ಮತ್ತೆ ಇಳಿಜಾರಿಗೇ ಬರುತ್ತೇನೆ, ಯಾಕಂದರೆ ಗಾಡಿ ನೋಡುವ ಜ್ಞಾನ ಮತ್ತು ಓಡಿಸುವ ಜ್ಞಾನ ಎರಡೂ ಸೇರುವ ಜಾಗ ಅದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಗಾಡಿಯನ್ನು ಪೂರ್ತಿ ನಿಲ್ಲಿಸಿದರೆ ಬ್ರೇಕು ಒಂದಿಷ್ಟು ಶಾಖ ನುಂಗುತ್ತದೆ. ಅದೇ ಗಾಡಿ 300 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು ಹನ್ನೆರಡು ಪಟ್ಟು ಶಕ್ತಿ ಎಲ್ಲಾದರೂ ಹೋಗಬೇಕು. ಗಾಡಿ ಹತ್ತು ಟನ್ ಇರಲಿ, ನಲವತ್ತು ಟನ್ ಇರಲಿ, ಈ ಹನ್ನೆರಡು ಪಟ್ಟು ಅನ್ನೋದು ಬದಲಾಗಲ್ಲ. ಗಾಳಿ, ಟೈರು ಸ್ವಲ್ಪ ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ಹೊರಬೇಕು, ಇಲ್ಲವೇ ಬ್ರೇಕು ಹೊರಬೇಕು. ನ್ಯೂಟ್ರಲ್ ಹಾಕಿ ಇಳಿದರೆ ಎಂಜಿನ್ ಕೈಬಿಟ್ಟಿತು, ಪೂರ್ತಿ ಭಾರ ಬ್ರೇಕಿನ ಮೇಲೆ. ಡೀಸೆಲ್ ಉಳಿಸು ಅಂತ ಡ್ರೈವರ್‌ಗಳಿಗೆ ಒತ್ತಡ ಹಾಕುವವರು ನ್ಯೂಟ್ರಲ್ ಹಾಕು ಅಂತ ಬಾಯಿಬಿಟ್ಟು ಹೇಳದಿದ್ದರೂ ಅದನ್ನೇ ಮಾಡಿಸುತ್ತಿದ್ದಾರೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಇಳಿಯೋಕೆ ಶುರು ಮಾಡುವ ಮುಂಚೆಯೇ ಕೆಳಗಿನ ಗೇರ್ ಹಾಕಬೇಕು. ವೇಗ ಏರಿದ ಮೇಲೆ ಕೆಳಗಿನ ಗೇರ್ ಬೀಳಲ್ಲ. ಬೀಳಿಸೋಕೆ ಹೋದರೆ ಇರುವ ಗೇರೂ ಹೋಗಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಳ್ಳುತ್ತೀರಿ. ತೂಕ, ಇಳಿಜಾರಿನ ಉದ್ದ, ಕಡಿದು, ಮಳೆ ಇವನ್ನೆಲ್ಲ ನೋಡಿ ಒಂದು ಸುರಕ್ಷಿತ ವೇಗ ಇಟ್ಟುಕೊಳ್ಳಬೇಕು. ಗಾಡಿ ಆ ವೇಗ ಮುಟ್ಟಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗವನ್ನು ಗಂಟೆಗೆ ಎಂಟು ಕಿಲೋಮೀಟರಿನಷ್ಟು ಇಳಿಸಿ, ಪೂರ್ತಿ ಬಿಡಬೇಕು. ಮತ್ತೆ ಆ ವೇಗ ಮುಟ್ಟಿದಾಗ ಮತ್ತೆ ಒತ್ತಬೇಕು. ಇಡೀ ಇಳಿಜಾರು ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಡ್ರಮ್ಮಿಗೆ ಆರೋಕೆ ಸಮಯವೇ ಸಿಗಲ್ಲ. ತುದಿಯಲ್ಲಿ ಒಮ್ಮೆ ನಿಲ್ಲಿಸಿ ಗಾಲಿಗಳನ್ನು ನೋಡಿಕೊಂಡು ಇಳಿಯುವುದು ಇನ್ನೂ ಒಳ್ಳೆಯದು.

ಅಂತರದ ಬಗ್ಗೆ ಒಂದು ಮಾತು. ಏರ್ ಬ್ರೇಕಿನಲ್ಲಿ ಪೆಡಲ್ ಒತ್ತಿದ ಮೇಲೆ ಗಾಳಿ ಪೈಪುಗಳಲ್ಲಿ ಹೋಗಿ ಬ್ರೇಕ್ ಹಿಡಿಯೋಕೆ ಅರ್ಧ ಸೆಕೆಂಡ್‌ನಷ್ಟು ಬೇಕು. 80ರ ವೇಗದಲ್ಲಿ ಆ ಅರ್ಧ ಸೆಕೆಂಡಿಗೆ 11 ಮೀಟರ್ ಹೋಗಿರುತ್ತದೆ, ಇನ್ನೂ ಬ್ರೇಕ್ ಶುರುವೇ ಆಗಿಲ್ಲ. ಅದಕ್ಕೆ ಗಾಡಿಯ ಉದ್ದದ ಪ್ರತಿ ಮೂರು ಮೀಟರಿಗೆ ಒಂದು ಸೆಕೆಂಡ್, ವೇಗದ ರಸ್ತೆಯಲ್ಲಿ ಅದಕ್ಕೆ ಇನ್ನೊಂದು ಸೆಕೆಂಡ್ ಸೇರಿಸಿ ಅಂತರ ಬಿಡಿ ಅಂತ ಕಲಿಸುತ್ತೇವೆ. ಹನ್ನೆರಡು ಮೀಟರ್ ಗಾಡಿಗೆ ಐದು ಸೆಕೆಂಡ್. ಕಾರಿನವರು ಆ ಜಾಗಕ್ಕೆ ನುಗ್ಗುತ್ತಾರೆ, ಗೊತ್ತು. ನುಗ್ಗಲಿ, ಮತ್ತೆ ಹಿಂದೆ ಸರಿಯಬೇಕು.

ನಿದ್ದೆ. ಇದನ್ನು ನಿಮ್ಮ ಮುಂದೆ ಇಡೋಕೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ 17 ಗಂಟೆ ಎದ್ದೇ ಇದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05% ಮದ್ಯ ಇದ್ದವರಷ್ಟು ಕೆಟ್ಟಿರುತ್ತದೆ. ಬಹಳ ದೇಶಗಳಲ್ಲಿ ಅಷ್ಟು ಕುಡಿದು ಓಡಿಸಿದರೆ ಕೇಸು. 17 ಗಂಟೆ ಎಚ್ಚರ ಇರಿಸಿ ಓಡಿಸಿದವರ ಮೇಲೆ? 80ರ ವೇಗದಲ್ಲಿ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ, ದಿನಕ್ಕೆ 9 ಗಂಟೆ, ವಾರಕ್ಕೆ ಎರಡು ದಿನ ಮಾತ್ರ 10. ಅಮೆರಿಕದಲ್ಲಿ 10 ಗಂಟೆ ವಿಶ್ರಾಂತಿ ಆದ ಮೇಲೆ 11 ಗಂಟೆ. ಟ್ಯಾಕೊಗ್ರಾಫೋ ಎಲೆಕ್ಟ್ರಾನಿಕ್ ಲಾಗೋ ಇದನ್ನು ದಾಖಲಿಸುತ್ತದೆ. ನಿದ್ದೆಗೆಟ್ಟ ಡ್ರೈವರ್ ಓಡಿಸುವುದೂ ಕೆಟ್ಟದಾಗಿ, ಗಾಡಿ ನೋಡುವುದೂ ಕೆಟ್ಟದಾಗಿ. ಸುತ್ತು ಹಾಕಿದಂತೆ ಮಾಡಿ ಸಹಿ ಹಾಕುತ್ತಾನೆ. ಆ ಸಹಿಯನ್ನು ಇಟ್ಟುಕೊಂಡು ನಾಳೆ ಕೋರ್ಟಿನಲ್ಲಿ 'ಇವನೇ ನೋಡಿ ಸರಿ ಇದೆ ಅಂದಿದ್ದ' ಅಂತ ಹೇಳಬಹುದು ಅನ್ನುವುದು ನಿಮ್ಮ ಲೆಕ್ಕವಾಗಿದ್ದರೆ, ಅದು ಅನ್ಯಾಯ.

ತಪ್ಪೆಲ್ಲ ಮಾಲೀಕರದ್ದೇ ಅಂತ ನಾನು ಹೇಳುತ್ತಿಲ್ಲ. 2001ರಿಂದ 2003ರವರೆಗೆ ಅಮೆರಿಕದಲ್ಲಿ 963 ಲಾರಿ ಅಪಘಾತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಲಾರಿ ಕಡೆಯಿಂದ ಅಪಘಾತ ಶುರುವಾದ ಪ್ರಕರಣಗಳಲ್ಲಿ ಸುಮಾರು 87% ತಕ್ಷಣದ ಕಾರಣ ಚಾಲಕನದ್ದೇ, ಗಾಡಿಯದ್ದು ಸುಮಾರು 10%. ಈ ಅಂಕಿ ತೋರಿಸಿ 'ನೋಡಿ, ಎಲ್ಲಾ ಡ್ರೈವರ್ ತಪ್ಪು' ಅನ್ನುವವರು ಅದೇ ಅಧ್ಯಯನದ ಇನ್ನೊಂದು ಸಾಲನ್ನು ಬಿಟ್ಟುಬಿಡುತ್ತಾರೆ. ಅದರಲ್ಲಿದ್ದ ಲಾರಿಗಳಲ್ಲಿ ಸುಮಾರು 29% ಗಾಡಿಗಳ ಬ್ರೇಕಿನಲ್ಲಿ ತೊಂದರೆ ಇತ್ತು. ಡ್ರೈವರ್ ತಡವಾಗಿ ಬ್ರೇಕ್ ಹಾಕಿದ, ಸರಿ. ಬ್ರೇಕ್ ಚೆನ್ನಾಗಿದ್ದಿದ್ದರೆ ಅದೇ ತಡವಾದ ಬ್ರೇಕಿಗೆ ಗಾಡಿ ಎಲ್ಲಿ ನಿಲ್ಲುತ್ತಿತ್ತು? ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ ಪ್ರತಿ ವರ್ಷ 72 ಗಂಟೆ ಒಟ್ಟಿಗೆ ನಡೆಸುವ ರಸ್ತೆ ತಪಾಸಣೆಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಗಾಡಿಯನ್ನು ಅಲ್ಲೇ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸೋಕೆ ದೊಡ್ಡ ಕಾರಣ ಬ್ರೇಕು, ಆಮೇಲೆ ಟೈರು. ಇಷ್ಟು ಬಿಗಿ ನಿಯಮ ಇರುವ ಕಡೆ ಇದು ಸ್ಥಿತಿ.

ಲೈಸೆನ್ಸ್ ಕೊಡುವ ಅಧಿಕಾರಿಗಳೇ, ನಿಮ್ಮ ಪರೀಕ್ಷೆಯಲ್ಲಿ ಹಿಂದಕ್ಕೆ ಓಡಿಸಿ ತೋರಿಸು, ರಸ್ತೆಯಲ್ಲಿ ಒಂದು ಸುತ್ತು ಬಾ, ಇಷ್ಟೇ ಆದರೆ ಸಾಲದು. ಗಾಡಿಯ ಮುಂದೆ ನಿಲ್ಲಿಸಿ, ಏನೇನು ನೋಡುತ್ತೀಯ, ಯಾಕೆ ನೋಡುತ್ತೀಯ ಅಂತ ಬಾಯಿಬಿಟ್ಟು ಹೇಳಿಸಿ. ಬೇಕಂತಲೇ ಒಂದು ನಟ್ಟು ಸಡಿಲ ಮಾಡಿಡಿ, ಒಂದು ಬಲ್ಬ್ ತೆಗೆದಿಡಿ, ಸಣ್ಣ ಏರ್ ಲೀಕ್ ಇಡಿ. ಹುಡುಕಲಿ. ಹುಡುಕದವರು ಮತ್ತೆ ಕಲಿತು ಬರಲಿ. ಓದು ಬರೆಯೋಕೆ ಬರದವರು ಏನು ಮಾಡಬೇಕು ಅಂತ ಕೆಲವರು ಕೇಳುತ್ತಾರೆ. ನಾನು ಕಲಿಸಿದವರಲ್ಲಿ ಅಕ್ಷರ ಅಷ್ಟಾಗಿ ಬಾರದವರೂ ಲೀಕ್ ಎಲ್ಲಿದೆ ಅಂತ ಕಿವಿಯಿಂದಲೇ ಹಿಡಿಯುತ್ತಾರೆ. ಅವರಿಗೆ ಬೇಕಿರುವುದು ಅವರ ಭಾಷೆಯಲ್ಲಿ, ಗಾಡಿಯ ಪಕ್ಕದಲ್ಲಿ ನಿಂತು, ಕೈ ಹಿಡಿದು ತೋರಿಸುವ ತರಬೇತಿ. ಯಾರೋ ಬೇರೆ ಭಾಷೆಯಲ್ಲಿ ಬರೆದ ಪುಸ್ತಕವನ್ನು ಬಾಯಿಪಾಠ ಮಾಡಿಸಿ ಟಿಕ್ ಹಾಕಿಸಿದರೆ ಅದು ರಸ್ತೆಯಲ್ಲಿ ಕೆಲಸಕ್ಕೆ ಬರಲ್ಲ.

ಕೊನೆಗೆ ಆ 'ಆಗಲ್ಲ' ಅನ್ನುವ ಹಕ್ಕಿನ ಮಾತು. ಅಮೆರಿಕದಲ್ಲಿ 1982ರ ಒಂದು ಕಾಯ್ದೆ, ಸುರಕ್ಷಿತವಲ್ಲದ ಗಾಡಿ ಓಡಿಸಲ್ಲ ಅಂದ ಡ್ರೈವರನ್ನು ಕೆಲಸದಿಂದ ತೆಗೆಯುವುದನ್ನು, ಶಿಕ್ಷಿಸುವುದನ್ನು ತಡೆಯುತ್ತದೆ. ಆಸ್ಟ್ರೇಲಿಯಾದ ಭಾರಿ ವಾಹನ ಕಾನೂನಿನಲ್ಲಿ ಜವಾಬ್ದಾರಿಯ ಸರಪಳಿ ಅಂತಲೇ ಒಂದು ಭಾಗ ಇದೆ. ಸರಕು ಕಳಿಸುವವರು, ತುಂಬುವವರು, ಸಮಯ ನಿಗದಿ ಮಾಡುವವರು, ಇಳಿಸಿಕೊಳ್ಳುವವರು, ಎಲ್ಲರೂ ಸುರಕ್ಷತೆಗೆ ಕಾನೂನಿನ ಪ್ರಕಾರ ಹೊಣೆ. ತಲುಪೋಕೇ ಆಗದ ಸಮಯ ಕೊಟ್ಟು ವೇಗವಾಗಿ ಓಡಿಸುವಂತೆ ಮಾಡಿದವರೂ ಉತ್ತರ ಕೊಡಬೇಕು. ಇಂಥ ಕಾನೂನು ಎಲ್ಲ ಕಡೆ ಬರಬೇಕು, ಬಂದ ಕಡೆ ಜಾರಿಯಾಗಬೇಕು. ಆದರೆ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಒಬ್ಬ ಮಾಲೀಕರು ನಾಳೆ ಬೆಳಗ್ಗೆಯೇ ಇದನ್ನು ತಮ್ಮ ಯಾರ್ಡಿನಲ್ಲಿ ಶುರು ಮಾಡಬಹುದು.

ನಾನು ಕಲಿಸಿದ ಒಬ್ಬ ಹುಡುಗ ಮುಂದಿನ ಟೈರಿನ ಪಕ್ಕ ಉಬ್ಬಿದೆ, ಬದಲಿಸದೆ ಹೋಗಲ್ಲ ಅಂದ. ಆ ದಿನ ಬೇರೊಬ್ಬರಿಗೆ ಕೀ ಕೊಟ್ಟು ಅದೇ ಗಾಡಿ ಕಳಿಸಿದರು. ಹುಡುಗನಿಗೆ ಆ ವಾರ ಟ್ರಿಪ್ಪೇ ಕೊಡಲಿಲ್ಲ. ಅವನು ಮುಂದಿನ ಸಲ ಉಬ್ಬು ಕಂಡರೆ ಹೇಳುತ್ತಾನಾ? ಅವನ ಜೊತೆಗಿದ್ದು ಇದನ್ನೆಲ್ಲ ನೋಡಿದವರು ಹೇಳುತ್ತಾರಾ?

ಹಾಗಾಗಿ ಟ್ರಿಪ್ ಶೀಟಿನಲ್ಲಿ ಮೂರು ಸಾಲು ಸೇರಿಸಿ. ಮೊದಲನೆಯದರಲ್ಲಿ ಡ್ರೈವರ್ ಗಾಡಿ ನೋಡೋಕೆ ಶುರು ಮಾಡಿದ್ದು ಎಷ್ಟು ಹೊತ್ತಿಗೆ, ಮುಗಿಸಿದ್ದು ಎಷ್ಟು ಹೊತ್ತಿಗೆ ಅಂತ ಇರಲಿ, ಆ ಹೊತ್ತು ಸಂಬಳದ ಲೆಕ್ಕಕ್ಕೆ ಬರಲಿ. ಎರಡನೆಯದರಲ್ಲಿ ಆತ ಕಂಡ ದೋಷ ಇರಲಿ, ಅದರ ಎದುರಿಗೆ ಸರಿಪಡಿಸಿದ ಮೆಕ್ಯಾನಿಕ್ ಸಹಿ ಇರಲಿ. ಮುಂದಿನ ಡ್ರೈವರ್ ಅದನ್ನು ಓದಿಯೇ ಗಾಡಿ ಹತ್ತಲಿ. ಮೂರನೆಯದು, ದೋಷ ಇದ್ದರೂ ಗಾಡಿ ಹೊರಡಲಿ ಅಂತ ಯಾರಾದರೂ ಹೇಳಿದರೆ, ಹಾಗೆ ಹೇಳಿದವರ ಹೆಸರು ಮತ್ತು ಸಹಿ. ಆ ಮೂರನೇ ಸಾಲಿನಲ್ಲಿ ಸಹಿ ಹಾಕೋಕೆ ನೀವು ತಯಾರಿಲ್ಲದಿದ್ದರೆ, ಆ ಗಾಡಿಯ ಕೀಯನ್ನು ಇನ್ನೊಬ್ಬರ ಕೈಗೆ ಕೊಡಬೇಡಿ.

ಇಂತಿ,
ಭಾರಿ ವಾಹನ ಚಾಲನೆ ಕಲಿಸುವ ಒಬ್ಬ ತರಬೇತುದಾರ